ಮಲ್ಲಿಗೆಯ ಲೆಕ್ಕ ಎಲ್ಲರದ್ದು, ಚಿತ್ರ ನನ್ನದು

ಘಟ್ಟದ ಮೇಲಿನ ನೆಂಟರು ಉಡುಪಿಗೆ ಬಂದಾಗ ಮಲ್ಲಿಗೆ ರೇಟು ಕೇಳಿ ಹೌಹಾರುವುದು ನಮಗೆ ಹೊಸತಲ್ಲ. ಮದುವೆ ಸೀಸನ್ನಿನಲ್ಲಂತೂ ಕೇಳಲೇಬೇಡಿ. ಅವರದ್ದು ಮೊಳದ ಲೆಕ್ಕ, ನಮ್ಮದು ಚೆಂಡು, ಅಟ್ಟೆ. 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ಅಂದರೆ ಒಂದು ಅಟ್ಟೆಯಲ್ಲಿ 3,200 ಹೂ. ಇದನ್ನು ಬಾಯಲ್ಲಿ ಹೇಳಿದರೆ "ಹೌದಾ" ಅಂತಾರೆ, ಅಷ್ಟೇ. ಸಂಖ್ಯೆ ಕಿವಿಗೆ ಬೀಳುತ್ತದೆ, ಕಣ್ಣಿಗೆ ಕಾಣುವುದಿಲ್ಲ ಅಲ್ವಾ.

ಅದಕ್ಕೇ ಚಿತ್ರ ಬರೆಯಲು ಹೊರಟೆ. ಶಂಕರಪುರದ ಕಡೆ ಮನೆಯಂಗಳದಲ್ಲೇ ಮಲ್ಲಿಗೆ ಬೆಳೆಸುವ ಅಕ್ಕ ಒಬ್ಬರಿದ್ದಾರೆ, ಅವರ ಜಗಲಿಯಲ್ಲಿ ಕೂತು ನೋಡಿದೆ. ಬೆಳಿಗ್ಗೆ ಬೇಗ ಮೊಗ್ಗು ಕೊಯ್ಯಬೇಕು, ಬಿರಿಯುವ ಮೊದಲೇ ಬಾಳೆನಾರಿನಲ್ಲಿ ಕಟ್ಟಿ ಮುಗಿಸಬೇಕು, ಹೊತ್ತಿಗೆ ಸರಿಯಾಗಿ ಕಟ್ಟೆಗೆ, ಅಂದರೆ ಹೂ ಕೊಳ್ಳುವ ಜಾಗಕ್ಕೆ, ಮುಟ್ಟಿಸಬೇಕು. ಅಕ್ಕ ನನ್ನ ಹತ್ತಿರ ಮಾತಾಡುತ್ತಲೇ ಇದ್ದರು, ಬೆರಳು ಮಾತ್ರ ಒಮ್ಮೆಯೂ ನಿಲ್ಲಲಿಲ್ಲ. ನಾಲ್ಕು ಮೊಗ್ಗು, ಒಂದು ಸುತ್ತು, ಒಂದು ಎಳೆತ, ಮತ್ತೆ ಮೊಗ್ಗು. ಅವರು ಎಡಗೈಯವರು, ಹಾಗಾಗಿ ನಾರು ಸುತ್ತುವುದೂ ಉಲ್ಟಾ. ನಾನು ಹಾಗೇ ಬರೆದುಕೊಂಡೆ.

ಚಿತ್ರದಲ್ಲಿ ಮೇಲೆ ಒಂದೇ ಒಂದು ಮೊಗ್ಗು. ಅದರ ಕೆಳಗೆ ಆ ಎರಡು ಕೈ, ನಾರು. ಉಳಿದ ಜಾಗವೆಲ್ಲ ಮೊಗ್ಗುಗಳೇ, ಸಾಲು ಸಾಲಾಗಿ 800. ಕಂಪ್ಯೂಟರಿನಲ್ಲಿ ಒಂದು ಮೊಗ್ಗು ಬರೆದು ಅದನ್ನೇ ಕಾಪಿ ಪೇಸ್ಟ್ ಮಾಡಬಹುದಿತ್ತು. ಮಾಡಲಿಲ್ಲ. ಅಕ್ಕ ಒಂದೊಂದನ್ನೂ ಮುಟ್ಟಿಯೇ ಕಟ್ಟುವಾಗ ನಾನು ಒಂದೊಂದನ್ನೂ ಬರೆಯದಿದ್ದರೆ ಆ ಚಿತ್ರಕ್ಕೆ ಅರ್ಥವೇ ಇಲ್ಲ ಅನ್ನಿಸಿತು. ಕೊನೆಯಲ್ಲಿ ಒಂದೇ ಸಾಲು: ಇದು ಒಂದು ಚೆಂಡು, ಇಂಥ ನಾಲ್ಕು ಸೇರಿದರೆ ಒಂದು ಅಟ್ಟೆ. ಮೂಲೆಯಲ್ಲಿ ನನ್ನ ಹೆಸರು.

ಚಿತ್ರ ವಾಟ್ಸಾಪಿನಲ್ಲಿ ಚೆನ್ನಾಗಿ ಓಡಾಡಿತು, ತುಂಬ ಖುಷಿಯಾಯಿತು. ರೇಟು ಯಾಕೆ ಇಷ್ಟು ಅಂತ ಕೇಳಿದವರಿಗೆ ಜನ ಅದನ್ನೇ ಕಳಿಸುತ್ತಿದ್ದರು.

ಆಮೇಲೆ ಒಂದು ದಿನ ಮಂಗಳೂರಿನ ಗೆಳತಿ ಒಂದು ಫೋಟೋ ಕಳಿಸಿದಳು. ಮದುವೆ ಡೆಕೊರೇಷನ್ ಮಾಡುವವರ ಕರಪತ್ರ. ಅದರ ತುಂಬ ನನ್ನ ಚಿತ್ರ. ಮೂಲೆ ಕತ್ತರಿಸಿ ಹೆಸರು ತೆಗೆದಿದ್ದಾರೆ, ಅಲ್ಲಿ ಅವರ ಲೋಗೋ ಕೂತಿದೆ. ಇನ್‌ಸ್ಟಾಗ್ರಾಮಿನಲ್ಲೂ ಅದೇ. ಕೈ ನಡುಗುವಷ್ಟು ಸಿಟ್ಟು ಬಂತು. ಕರಪತ್ರದಲ್ಲಿದ್ದ ನಂಬರಿಗೆ ಆಗಲೇ ಫೋನ್ ಮಾಡಿದೆ.

"ಎಂಥ ಮಾರಾಯ್ರೆ, ಅದು ನೆಟ್ಟಲ್ಲಿ ಸಿಕ್ಕಿದ್ದು. 800 ಹೂವಿಗೆ ಒಂದು ಚೆಂಡು ಅಂತ ಇಡೀ ಊರಿಗೇ ಗೊತ್ತುಂಟು. ಅದು ನಿಮ್ಮದು ಹೇಗೆ ಆಗ್ತದೆ?"

ಅವರು ಹೇಳಿದ್ದರಲ್ಲಿ ಅರ್ಧ ಸರಿ. ಆ ಲೆಕ್ಕ ನನ್ನದಲ್ಲ, ಮಲ್ಲಿಗೆ ಕಟ್ಟುವವರದ್ದು, ಎಲ್ಲರದ್ದು. ನಾಳೆ ಇನ್ಯಾರೋ ಅದೇ ಲೆಕ್ಕವನ್ನು ತಮ್ಮ ರೀತಿಯಲ್ಲಿ ಬರೆದರೆ ನಾನೇ ಮೊದಲು ಹಂಚುತ್ತೇನೆ. ಕಾನೂನು ಹೇಳುವುದೂ ಅದನ್ನೇ: ವಿಚಾರಕ್ಕೆ ಕಾಪಿರೈಟ್ ಇಲ್ಲ, ಅದನ್ನು ಹೇಳಿದ ರೂಪಕ್ಕೆ ಇದೆ. ನಮ್ಮ 1957ರ ಕಾಯ್ದೆ ಪ್ರಕಾರ ಚಿತ್ರ ಬರೆದ ಕ್ಷಣದಿಂದಲೇ ಆ ಹಕ್ಕು ಬರುತ್ತದೆ, ನೋಂದಣಿ ಮಾಡಿಸಲೇಬೇಕು ಅಂತಿಲ್ಲ. ಬರೆದವರು ಬದುಕಿರುವಷ್ಟು ಕಾಲ, ಆಮೇಲೆ 60 ವರ್ಷ ಇರುತ್ತದೆ. 57ನೇ ಸೆಕ್ಷನ್ ಇನ್ನೂ ಒಂದು ಮಾತು ಹೇಳುತ್ತದೆ: ಹಕ್ಕನ್ನು ಮಾರಿಬಿಟ್ಟರೂ ಇದನ್ನು ಬರೆದವರು ನಾನು ಅಂತ ಹೇಳಿಕೊಳ್ಳುವ ಹಕ್ಕು ಬರೆದವರ ಹತ್ತಿರವೇ ಉಳಿಯುತ್ತದೆ. ನನಗೆ ದುಡ್ಡಿಗಿಂತ ಇದು ದೊಡ್ಡದು.

ಫೋನಿನಲ್ಲಿ ವಾದ ಮಾಡಿ ಪ್ರಯೋಜನ ಇರಲಿಲ್ಲ. ಲೇಯರ್‌ಗಳೆಲ್ಲ ಬಿಡಿ ಬಿಡಿಯಾಗಿರುವ ಮೂಲ ಫೈಲಿನ ಸ್ಕ್ರೀನ್‌ಶಾಟ್, ಜಗಲಿಯಲ್ಲಿ ಪೆನ್ಸಿಲಿನಲ್ಲಿ ಗೀಚಿದ ಪುಟದ ಫೋಟೋ, ಎರಡನ್ನೂ ಕಳಿಸಿದೆ. ಜೊತೆಗೆ ಒಂದು ಪ್ರಶ್ನೆ: ನಿಮ್ಮ ಕರಪತ್ರದಲ್ಲಿ ಹೂ ಕಟ್ಟುವವರು ಎಡಗೈಯವರು ಯಾಕೆ? ಉತ್ತರ ಬರಲಿಲ್ಲ. ಇನ್‌ಸ್ಟಾಗ್ರಾಮಿನ ಕಾಪಿರೈಟ್ ದೂರಿನ ಫಾರಂ ತುಂಬಿಸಲು ಕೂತೆ. ಅದು ಮುಗಿಯುವಷ್ಟರಲ್ಲಿ ಅವರೇ ಪೋಸ್ಟ್ ತೆಗೆದಿದ್ದರು.

ಚಿತ್ರ ಬರೆಯುವವರು, ಫೋಟೋ ತೆಗೆಯುವವರು ದಯವಿಟ್ಟು ಮೂಲ ಫೈಲನ್ನು ಅಳಿಸಬೇಡಿ. ಫೋಟೋದ ಒಳಗೆ ತೆಗೆದ ದಿನ, ಕ್ಯಾಮೆರಾ ಅಂತ ಮಾಹಿತಿ ಇರುತ್ತದೆ ನಿಜ, ಆದರೆ ಮಾಮೂಲಿಯಾಗಿ ವಾಟ್ಸಾಪಿನಲ್ಲಿ ಕಳಿಸಿದರೆ ಅದು ಉದುರಿಹೋಗುತ್ತದೆ. ಹೊರಗೆ ಬಿಡುವುದು ಚಿಕ್ಕ ಸೈಜು ಸಾಕು, ದೊಡ್ಡದು ಕೈಯಲ್ಲೇ ಇರಲಿ. ಆಗಾಗ ಗೂಗಲ್ ಲೆನ್ಸಿಗೆ ನಿಮ್ಮ ಚಿತ್ರ ಹಾಕಿ ನೋಡಿ, ಎಲ್ಲೆಲ್ಲಿ ಹೋಗಿದೆ ಅಂತ ಸ್ವಲ್ಪವಾದರೂ ತಿಳಿಯುತ್ತದೆ. ಮಧ್ಯದಲ್ಲಿ ದಪ್ಪ ವಾಟರ್‌ಮಾರ್ಕ್ ಹಾಕುವುದು ನನಗೆ ಇಷ್ಟವಿಲ್ಲ, ಮೊಗ್ಗು ಎಣಿಸಲು ಹೊರಟವರಿಗೆ ಅದು ಅಡ್ಡ. ಹೆಸರನ್ನು ಈಗ ಬಾಳೆನಾರಿನ ಗೆರೆಯ ಉದ್ದಕ್ಕೇ ಬರೆದಿದ್ದೇನೆ. ಅದನ್ನು ಕತ್ತರಿಸಲು ಹೋದರೆ ಅಕ್ಕನ ಕೈಗಳೂ ಹೋಗುತ್ತವೆ.

ಪೋಸ್ಟ್ ಹೋಯಿತು, ಆದರೆ ಅಚ್ಚಾದ ಕರಪತ್ರ ಇನ್ನೂ ಮಂಗಳೂರಿನಲ್ಲಿ ಹಂಚಿಕೆಯಾಗುತ್ತಿದೆ. ಅದಕ್ಕೆ ಸಂಭಾವನೆ ಕೊಡಿ, ಮುಂದೆ ಅಚ್ಚು ಹಾಕಿಸಿದರೆ ಹೆಸರು ಹಾಕಿ ಅಂತ ಇಮೇಲಿನಲ್ಲಿ ಬರೆದು ಕೇಳಿದ್ದೇನೆ. ಬಂದರೆ ಅರ್ಧ ಅಕ್ಕನಿಗೆ ಅಂತ ಅವರಿಗೆ ಆಗಲೇ ಹೇಳಿಟ್ಟಿದ್ದೇನೆ.