ಬ್ರೈನ್ ಸ್ಕ್ಯಾನಲ್ಲಿ ಕಾಣೋ ಬಿಳಿ ಚುಕ್ಕೆ
ಅಪ್ಪನ ಎಂಆರ್‌ಐ ರಿಪೋರ್ಟಲ್ಲಿ 'ಫಜೆಕಾಸ್ ಗ್ರೇಡ್ 2' ಅಂತ ನೋಡಿ ಅಮ್ಮ ಗಡ್ಡೆ ಅಂದ್ಕೊಂಡು ಗಾಬರಿಯಾಗ್ಬಿಟ್ರು. ಗಡ್ಡೆ ಅಲ್ಲ ಮಾರಾಯ್ರೆ, ಮೆದುಳಲ್ಲಿ ಈ ಬಿಳಿ ಚುಕ್ಕೆ ಎಷ್ಟಿದೆ ಅಂತ ಹೇಳೋ ಅಳತೆ ಅದು! ಮೆದುಳೊಳಗೆ ನರತಂತುಗಳು ಹಾದುಹೋಗೋ ಜಾಗಾನೇ ವೈಟ್ ಮ್ಯಾಟರ್, ಆ ತಂತುಗಳ ಮೇಲೆ ಮಯಲಿನ್ ಅನ್ನೋ ಕೊಬ್ಬಿನ ಹೊದಿಕೆ ಇರತ್ತೆ, ವರ್ಷಗಟ್ಲೆ ಬಿಪಿ ಜಾಸ್ತಿ ಇದ್ರೆ ಅಲ್ಲಿಗೆ ರಕ್ತ ಕೊಡೋ ಸಣ್ಣ ನಾಳಗಳ ಗೋಡೆ ದಪ್ಪಗಾಗಿ ಆ ಹೊದಿಕೆ ಹಾಳಾಗತ್ತೆ, ಸ್ಕ್ಯಾನಲ್ಲಿ ಬೆಳ್ಳಗೆ ಕಾಣೋದು ಅದೇ. ಗ್ರೇಡ್ 1 ಅಂದ್ರೆ ಬಿಡಿಬಿಡಿ ಚುಕ್ಕೆ, 2ರಲ್ಲಿ ಒಂದಕ್ಕೊಂದು ಕೂಡ್ಕೊಳ್ಳೋಕೆ ಶುರು, 3 ಅಂದ್ರೆ ಎಲ್ಲ ಕೂಡ್ಕೊಂಡು ದೊಡ್ಡ ಮಚ್ಚೆ. ವಯಸ್ಸಾದವ್ರಲ್ಲಿ ಸ್ವಲ್ಪ ಇರೋದು ಮಾಮೂಲಿ, ಜಾಸ್ತಿ ಆದ್ರೆ ನಡಿಗೆ, ಯೋಚ್ನೆ ಎರಡೂ ನಿಧಾನ, ಸ್ಟ್ರೋಕ್ ರಿಸ್ಕ್ ಬೇರೆ. 2019ರಲ್ಲಿ ಬಂದ ಅಮೆರಿಕದ ಸ್ಪ್ರಿಂಟ್ ಮೈಂಡ್ ಸ್ಟಡಿಲಿ ಮೇಲಿನ ಬಿಪಿನ 120ರ ಕೆಳಗೆ ಇಡೋಕೆ ಟ್ರೀಟ್ಮೆಂಟ್ ಕೊಟ್ಟವ್ರಲ್ಲಿ ಈ ಚುಕ್ಕೆ ಬೆಳೆಯೋದು ಕಮ್ಮಿ ಇತ್ತು, ಆದ್ರೆ ತಲೆಸುತ್ತಿ ಬೀಳೋ ವಯಸ್ಸಾದವ್ರಿಗೆಲ್ಲ 120 ಹೊಂದಲ್ಲ, ಡಾಕ್ಟರ್ ಹತ್ರಾನೇ ಕೇಳ್ಬೇಕು.