ಅಮ್ಮ ಆಡಿದ ಆನೆ ಕಾಸು

ಶ್ರೀರಂಗಪಟ್ಟಣದ ಗಂಜಾಮಿನಲ್ಲಿದ್ದ ಅಜ್ಜಿ ಮನೆ ಖಾಲಿ ಮಾಡುವಾಗ ಅಟ್ಟದ ಮೇಲೆ ಒಂದು ಹಿತ್ತಾಳೆ ಡಬ್ಬಿ ಸಿಕ್ಕಿತು. ತುಂಬ ಹಳೇ ಕಾಸು. ತಾತ ದರಿಯಾ ದೌಲತ್ ಹತ್ತಿರ ಎಳನೀರು ಮಾರುತ್ತಿದ್ದರು. ಅರಮನೆ ನೋಡಲು ಬಂದ ಹೊರದೇಶದವರು ಖುಷಿಗೆ ಕೊಟ್ಟುಹೋದ ನಾಣ್ಯಗಳೂ ಅದರಲ್ಲಿ ಸೇರಿದ್ದವು. ಮೈಸೂರಿಗೆ ತಂದು, ಒಂದು ಭಾನುವಾರ ಅಮ್ಮನೂ ನಾನೂ ಅವನ್ನು ನಡುಮನೆಯಲ್ಲಿ ಹರಡಿಕೊಂಡು ಕೂತೆವು.

ಶುರುವಿನಲ್ಲೇ ಒಂದು ತಪ್ಪು ಮಾಡಿದೆ. ಆನೆ ಇದ್ದ ಎರಡು ತಾಮ್ರದ ಕಾಸಿದ್ದವು. ಕಪ್ಪಗಿವೆಯಲ್ಲ ಅಂತ ಒಂದನ್ನು ಹುಣಸೆಹಣ್ಣು ಹಾಕಿ ಉಜ್ಜಿದೆ. ಪೂಜೆ ಪಾತ್ರೆಯ ಹಾಗೆ ಫಳಫಳ ಹೊಳೆಯಿತು. ಆದರೆ ಗೆರೆಗಳ ನಡುವೆ ನಿಂತಿದ್ದ ಕಪ್ಪು ಹೋಯಿತು. ಅದು ಹೋದ ಮೇಲೆ ಅಕ್ಷರ ಯಾವುದು, ಸವೆತ ಯಾವುದು ಅಂತ ಗೊತ್ತಾಗಲಿಲ್ಲ. ಎಷ್ಟೋ ವರ್ಷ ಕೂತು ಗಟ್ಟಿಯಾದ ಆ ಬಣ್ಣ ಮತ್ತೆ ಬರುವುದಿಲ್ಲ. ಈಗಲೂ ನೆನೆದರೆ ಹೊಟ್ಟೆ ಉರಿಯುತ್ತದೆ. ಹಳೇ ನಾಣ್ಯ ಸಿಕ್ಕರೆ ದಯವಿಟ್ಟು ಉಜ್ಜಬೇಡಿ.

ಆಮೇಲೆ ಬರೀ ಭೂತಗನ್ನಡಿ ಹಿಡಿದು ನೋಡಿದೆವು. ಹಳದಿ ಬಣ್ಣದ, ನಡುವೆ ತೂತಿದ್ದ ಒಂದನ್ನು ಎತ್ತಿ ಅಮ್ಮ, ‘ಇದು ನಮ್ಮ ತೂತು ಕಾಸು ಕಣೋ’ ಅಂದರು. ನಮ್ಮಲ್ಲೂ 1943ರಿಂದ 1947ರವರೆಗೆ ಅಂಥದ್ದು ಬಂದಿತ್ತು, ಯುದ್ಧದ ಕಾಲದಲ್ಲಿ ಲೋಹ ಉಳಿಸೋಕೆ. ಆದರೆ ಅದು ಕಂಚು, ಇದು ಹಿತ್ತಾಳೆ. ಮೇಲೆ ನಮಗೆ ಗೊತ್ತಿರುವ ಒಂದು ಅಂಕಿಯೂ ಇಲ್ಲ. ಅಮ್ಮನೇ ಮತ್ತೆ ಕಣ್ಣು ಕಿರಿದು ಮಾಡಿ, ‘ಭತ್ತದ ತೆನೆ ಅಲ್ವಾ ಇದು!’ ಅಂದರು. ಹೌದು, ಕಾಳು ತುಂಬಿ ಬಾಗಿದ ತೆನೆ. ಕೆಳಗೆ ನೀರಿನ ಗೆರೆಗಳು, ತೂತಿನ ಸುತ್ತ ಯಂತ್ರದ ಹಲ್ಲುಚಕ್ರ. ಜಪಾನಿನ ಐದು ಯೆನ್ ಅದು. ಬೆಲೆಯನ್ನೂ ಇಸವಿಯನ್ನೂ ಅವರ ಲಿಪಿಯಲ್ಲೇ ಬರೆದಿರುತ್ತಾರೆ.

ಇನ್ನೊಂದರಲ್ಲಿ ‘ಹೆಲ್ವೇಷಿಯ’ ಅಂತಿತ್ತು. ಅದು ಸ್ವಿಟ್ಜರ್‌ಲೆಂಡ್. ಅಲ್ಲಿ ನಾಲ್ಕು ಭಾಷೆ. ಯಾವುದೊಂದರ ಪಕ್ಷವೂ ಬೇಡ ಅಂತ ಲ್ಯಾಟಿನ್ ಹೆಸರು ಹಾಕುತ್ತಾರೆ.

ಅಜ್ಜಿ ದೇವರ ಮನೆಯಲ್ಲಿಟ್ಟು ಕುಂಕುಮ ಹಚ್ಚುತ್ತಿದ್ದ ಕಾಸು ಬೇರೆ. ರಾಮ, ಸೀತೆ, ಹನುಮಂತ. ಹಿಂದೆ ಈಸ್ಟ್ ಇಂಡಿಯಾ ಕಂಪನಿ, ಅರ್ಧ ಆಣೆ, 1818. ಲಕ್ಷಗಟ್ಟಲೆ ಬಾಳುತ್ತೆ ಅಂತ ನೆಂಟರು ಹೇಳುತ್ತಲೇ ಇದ್ದರು. ಅದು ಯಾವತ್ತೂ ಚಲಾವಣೆಯ ಹಣ ಆಗಿರಲಿಲ್ಲ. ಕಂಪನಿ ತನ್ನ ಸೀಮೆಗೆಲ್ಲ ಒಂದೇ ಥರದ ನಾಣ್ಯ ತಂದದ್ದೇ 1835ರಲ್ಲಿ. ಅದರ ತಾಮ್ರದ ಕಾಸಿನ ಮೇಲಿದ್ದದ್ದು ಕಂಪನಿಯ ಲಾಂಛನ. ಇದು ಹಳೇ ಇಸವಿ ಹಾಕಿ ಆಮೇಲೆ ಮಾಡಿದ ಪೂಜೆ ಟೋಕನ್. ಹೇಳಲು ಹಿಂಜರಿದೆ. ಅಮ್ಮ ಸುಮ್ನೆ ಕೇಳಿ, ‘ಅಜ್ಜಿ ಪೂಜೆ ಮಾಡಿದ್ದು ರಾಮನಿಗೆ ಕಣೋ’ ಅಂದು ಅದನ್ನು ನಮ್ಮ ದೇವರ ಗೂಡಿನಲ್ಲಿಟ್ಟರು.

ಉಳಿದದ್ದು ಉಜ್ಜದ ಆನೆ ಕಾಸು. ದಪ್ಪ, ಭಾರ, ಒಂದು ಅಂಚು ಸವೆದಿತ್ತು. ಆನೆಯ ಮೇಲೆ ಪರ್ಷಿಯನ್ ಅಂಕಿಗಳು. ಚಾರ್ಟ್ ಪಕ್ಕದಲ್ಲಿಟ್ಟು ಕೂಡಿಸಿಕೊಂಡು ಓದಿದೆ: 8121. ಇದೆಂಥ ಇಸವಿ? ಅರ್ಧ ಗಂಟೆ ಒದ್ದಾಡಿದೆ. ಟಿಪ್ಪು ಸುಲ್ತಾನ ತಂದ, ಪ್ರವಾದಿ ಮುಹಮ್ಮದರ ಹುಟ್ಟಿನಿಂದ ಎಣಿಸುವ ಮೌಲೂದಿ ಶಕೆಯ ನಾಣ್ಯಗಳಲ್ಲಿ ಅಂಕಿಯನ್ನು ಬಲದಿಂದ ಎಡಕ್ಕೆ ಓದಬೇಕು ಅಂತ ಆಮೇಲೆ ಹೊಳೆಯಿತು. 1218. ಅಂದರೆ ಸುಮಾರು 1790. ಹಿಂಬದಿಯಲ್ಲಿ ಟಂಕಸಾಲೆಯ ಹೆಸರು: ಪಟ್ಟಣ. ನಮ್ಮ ಶ್ರೀರಂಗಪಟ್ಟಣವೇ! ಟಿಪ್ಪು ತನ್ನ ಕಾಸುಗಳಿಗೆ ಗ್ರಹ, ನಕ್ಷತ್ರಗಳ ಹೆಸರಿಟ್ಟಿದ್ದ. ಈ ಪೈಸೆ ‘ಜೊಹ್ರಾ’, ಅಂದರೆ ಶುಕ್ರ. ಜಪಾನಿನ ಕಾಸು ಸಮುದ್ರ ದಾಟಿ ಬಂದಿತ್ತು. ಇದು ಇನ್ನೂರಕ್ಕೂ ಜಾಸ್ತಿ ವರ್ಷ ಕಾವೇರಿಯ ಅದೇ ದ್ವೀಪದಲ್ಲೇ ಸುತ್ತಿತ್ತೋ ಏನೋ.

ಅಮ್ಮನ ಕೈಗೆ ಕೊಟ್ಟೆ. ಅಂಗೈಯಲ್ಲಿ ತೂಗಿ ನೋಡಿದರು. ಮುಖ ಅರಳಿತು.

‘ಅಯ್ಯೋ, ಇದು ನನ್ನ ಬಿಲ್ಲೆ! ಕುಂಟೆಬಿಲ್ಲೆ ಆಡೋಕೆ ಇದನ್ನೇ ಇಟ್ಕೊಂಡಿದ್ದೆ. ಭಾರ ಇತ್ತಲ್ಲ, ಎಸೆದ ಮನೇಲೇ ನಿಲ್ತಿತ್ತು.’

ಆ ಅಂಚು ಯಾಕೆ ಸವೆದಿದೆ ಅಂತ ಆಗ ಗೊತ್ತಾಯಿತು. ಕಾಗದದ ಲಕೋಟೆಗೆ ಹಾಕಿ ಮೇಲೆ ಬರೆದೆ: ಪಟ್ಟಣ, 1218, ಅಮ್ಮನ ಬಿಲ್ಲೆ.