ಉನ್ಮಾದ, ಭ್ರಮೆ, ಮತ್ತೆ ಲಿಥಿಯಂ ಲೆಕ್ಕ

ವೈದ್ಯರ ಚೀಟಿಯಲ್ಲಿ ‘ಸ್ಕಿಜೋಅಫೆಕ್ಟಿವ್, ಬೈಪೋಲಾರ್ ಬಗೆ’ ಎಂದು ಕಂಡ ಮನೆಯವರಿಗೆ ಏಳುವ ಮೊದಲ ಪ್ರಶ್ನೆ: ಇದು ಬೈಪೋಲಾರಾ, ಸ್ಕಿಜೋಫ್ರೇನಿಯಾನಾ? ಬೈಪೋಲಾರ್‌ನಲ್ಲಿ ಉನ್ಮಾದ, ಅಂದರೆ ಮನಸ್ಸು ಮಿತಿಮೀರಿ ಉಕ್ಕುವುದು, ಮತ್ತು ಖಿನ್ನತೆ ಬಂದುಹೋಗುತ್ತವೆ; ಸ್ಕಿಜೋಫ್ರೇನಿಯಾದಲ್ಲಿ ಭ್ರಮೆ, ಇಲ್ಲದ ದನಿ ಕೇಳಿಸುವುದು. ಸ್ಕಿಜೋಅಫೆಕ್ಟಿವ್‌ನಲ್ಲಿ ಎರಡರ ಲಕ್ಷಣವೂ ಇರುತ್ತದೆ. ಉನ್ಮಾದ, ಖಿನ್ನತೆ ಎರಡೂ ಇಲ್ಲದ ಹೊತ್ತಿನಲ್ಲೂ ಕನಿಷ್ಠ 2 ವಾರ ಭ್ರಮೆಯೋ ಕಿವಿಯೊಳಗಿನ ದನಿಯೋ ಇದ್ದು, ಕಾಯಿಲೆಯ ಬಹುಪಾಲು ಅವಧಿ ಮನಸ್ಸಿನ ಏರಿಳಿತವೂ ಇದ್ದರೆ ಈ ಹೆಸರು. ಉನ್ಮಾದ ಇಳಿದಾಗಲೆಲ್ಲ ದನಿಗಳೂ ನಿಲ್ಲುವುದಾದರೆ ಅದು ಬೈಪೋಲಾರ್. ಹಾಗಾಗಿ ಯಾವುದು ಯಾವಾಗ ಶುರುವಾಯಿತು, ಯಾವಾಗ ನಿಂತಿತು ಎಂದು ತಾರೀಖು ಸಮೇತ ಬರೆದ ನೋಟ್‌ಬುಕ್ ವೈದ್ಯರಿಗೆ ತುಂಬ ಬೇಕಾದದ್ದು.

ಉನ್ಮಾದ ಬರುವ ಮುಂಚೆ ಸಾಮಾನ್ಯವಾಗಿ ನಿದ್ದೆ ಕೆಡುತ್ತದೆ. 3 ಗಂಟೆ ಮಲಗಿದರೂ ಸುಸ್ತಿಲ್ಲ, ನಡುರಾತ್ರಿ ಅಡುಗೆಮನೆ ಡಬ್ಬಗಳನ್ನೆಲ್ಲ ಇಳಿಸಿ ತೊಳೆಯುವುದು, ಬೆಳಗಿನ ಜಾವಕ್ಕೆ ಹಳೇ ಸ್ನೇಹಿತರಿಗೆ ಫೋನು. ಎರಡು ರಾತ್ರಿ ಹೀಗಾದರೆ ಮುಂದಿನ ತಪಾಸಣೆವರೆಗೂ ಕಾಯಬೇಡಿ, ಆಗಲೇ ವೈದ್ಯರಿಗೆ ತಿಳಿಸಿ. ಕೈಮೀರಿ ಖರ್ಚಾಗದಂತೆ ಯುಪಿಐ ಮಿತಿ ಇಳಿಸುವ ಒಪ್ಪಂದವನ್ನು ಆರಾಮಾಗಿರುವಾಗಲೇ ಮಾಡಿಕೊಳ್ಳಿ. ಉನ್ಮಾದದಲ್ಲಿ ಆ ಮಾತೆತ್ತಿದರೆ ಜಗಳವೇ.

ಭ್ರಮೆಗೆ ಪಾಲಿಪೆರಿಡೋನ್‌ನಂಥ ಔಷಧ, ಏರಿಳಿತಕ್ಕೆ ಲಿಥಿಯಂ ಅಥವಾ ವಾಲ್ಪ್ರೋಯೇಟ್. ಗರ್ಭ ಧರಿಸಬಹುದಾದ ವಯಸ್ಸಿನ ಹೆಂಗಸರಿಗೆ ವಾಲ್ಪ್ರೋಯೇಟ್ ಸಾಮಾನ್ಯವಾಗಿ ಬೇಡ, ಮಗುವಿಗೆ ತೊಂದರೆ. ಹಳೇ ಖಿನ್ನತೆ ಮಾತ್ರೆ ಡಬ್ಬದಲ್ಲಿ ಉಳಿದಿದ್ದರೆ ತಾವಾಗಿ ನುಂಗಬೇಡಿ, ಉನ್ಮಾದ ಕೆದರಬಹುದು.

ಮನೆಗಳಲ್ಲಿ ಹೆಚ್ಚು ಎಡವುವುದು ಲಿಥಿಯಂನಲ್ಲಿ. ರಕ್ತದಲ್ಲಿ ಅದು ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಇರಬೇಕು. ರಾತ್ರಿ 9ಕ್ಕೆ ಮಾತ್ರೆ ತೆಗೆದುಕೊಂಡರೆ ರಕ್ತ ಕೊಡುವುದು ಬೆಳಿಗ್ಗೆ 9ಕ್ಕೆ, ಬೆಳಗಿನ ಮಾತ್ರೆಗೆ ಮುಂಚೆ. 12 ಗಂಟೆಯ ಅಂತರ ತಪ್ಪಿದರೆ ಅಂಕಿ ನಂಬುವಂತಿಲ್ಲ. ಕಿಡ್ನಿ, ಥೈರಾಯ್ಡ್ ಪರೀಕ್ಷೆ ಸುಮಾರು 6 ತಿಂಗಳಿಗೊಮ್ಮೆ.

ದೇಹದಲ್ಲಿ ಉಪ್ಪು ಕಡಿಮೆಯಾದರೆ ಕಿಡ್ನಿ ಉಪ್ಪಿನ ಜೊತೆ ಲಿಥಿಯಮ್ಮನ್ನೂ ಹಿಡಿದಿಡುತ್ತದೆ. ನೀರೂ ಕುಡಿಯದ ಏಕಾದಶಿ, ಬೇಸಿಗೆಯ ಬೆವರು, ಭೇದಿ, ಬಿಪಿಗೆಂದು ದಿಢೀರನೆ ಉಪ್ಪು ಬಿಡುವುದು, ಎಲ್ಲದರ ಪರಿಣಾಮ ಒಂದೇ: ರಕ್ತದಲ್ಲಿ ಲಿಥಿಯಂ ಏರಿ ವಿಷವಾಗಬಹುದು. ಮಂಡಿನೋವಿಗೆ ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಐಬುಪ್ರೊಫೆನ್, ಡೈಕ್ಲೋಫೆನಾಕ್ ಕೂಡ ಮಟ್ಟ ಏರಿಸುತ್ತವೆ, ಪ್ಯಾರಾಸಿಟಮಾಲ್ ವಾಸಿ. ಕೈ ಜೋರಾಗಿ ನಡುಗಿ, ವಾಂತಿಯಾಗಿ, ಮಾತು ತೊದಲಿ ನಡಿಗೆ ಓಲಾಡಿದರೆ ಮುಂದಿನ ಮಾತ್ರೆ ಕೊಡದೆ ನೇರ ತುರ್ತು ವಿಭಾಗಕ್ಕೆ. ಕುಡಿದಿದ್ದಾರೆಂದು ಸುಮ್ಮನಾದರೆ ಪ್ರಾಣಕ್ಕೇ ಬಂದೀತು. ಒಂದು ಹೊತ್ತಿನ ಮಾತ್ರೆ ಮರೆತರೆ ಮರುಹೊತ್ತಿಗೆ ಎರಡು ನುಂಗಿಸಬೇಡಿ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಡಿ, ಮುಂದೆ ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ರೋಗಿಯೇ ಮೊದಲೇ ಬರೆದಿಡಬಹುದು, ತನ್ನ ಪರ ಮಾತಾಡಲು ಒಬ್ಬರನ್ನು ನೇಮಿಸಲೂಬಹುದು. ಯಾರನ್ನು ಕೇಳಬೇಕೆಂದು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416, ಕನ್ನಡದಲ್ಲೇ ಮಾತಾಡಬಹುದು.